ಊರ ಬಡಿಗೇರನಿಗೆ ತಕ್ಕ ಕಡಸಲು ಯಂತ್ರದ ಆಯ್ಕೆ

ಮೃಗಶಿರೆಯ ಮಳೆ ಬಿದ್ದ ಮರುದಿನ ಕೂರಿಗೆಯ ತಾಳು ಮುರಿದರೆ ಒಕ್ಕಲಿಗನು ಮೊದಲು ಹುಡುಕುವದು ಊರ ಬಡಿಗೇರನನ್ನು. ಆದರೆ ಬಿತ್ತಿಗೆಯ ನಾಲ್ಕು ವಾರಗಳ ಕೆಲಸದಿಂದ ಬಡಿಗೇರನ ಮನೆಯು ವರ್ಷವಿಡೀ ನಡೆಯಲಾರದು. ಹಿಂದೆ ಕಣದಲ್ಲಿ ಆಯದ ಕಾಳು ಅವನಿಗೆ ದೊರೆಯುತ್ತಿತ್ತು. ಟ್ರ್ಯಾಕ್ಟರು, ಕಬ್ಬಿಣದ ಕೂರಿಗೆ, ಟಾಯರಿನ ಚಕ್ಕಡಿಗಳು ಬಂದ ಮೇಲೆ ಆ ಕೆಲಸವೂ ಆ ಕಾಳೂ ಕಡಿಮೆಯಾದವು. ಬಡಿಗೇರನು ಊರು ಬಿಟ್ಟರೆ ನಷ್ಟವು ಅವನೊಬ್ಬನದಲ್ಲ, ಒಕ್ಕಲಿಗರದೂ ಹೌದು. ಬಿತ್ತಿಗೆಯಿಲ್ಲದ ತಿಂಗಳುಗಳಲ್ಲಿ ಅವನ ಕೈಗೆ ಕೆಲಸ ಕೊಡುವ ಸಾಧನಗಳಲ್ಲಿ ಕಡಸಲು ಯಂತ್ರ, ಅರ್ಥಾತ್ ಮರದ ಲೇಥು, ಒಂದಾಗಿದೆ.

ಈ ಯಂತ್ರವು ಮರವನ್ನು ಎರಡು ಮೊನೆಗಳ ನಡುವೆ ಹಿಡಿದು ತಿರುಗಿಸುವದು. ಬಡಿಗೇರನು ಉಳಿಯನ್ನು ಆಸರೆಯ ಮೇಲಿಟ್ಟು ಮರವನ್ನು ದುಂಡಗೆ ಕೊರೆಯುವನು. ಮಂಚದ ಕಾಲು, ತೊಟ್ಟಿಲಿನ ಕಂಬ, ಕಡಗೋಲು, ಲಟ್ಟಣಿಗೆ, ಕುಡಗೋಲಿನ ಹಿಡಿ ಮುಂತಾದವು ಇದರಿಂದ ಆಗುವವು. ಇವುಗಳಿಗೆ ಗಿರಾಕಿಗಳು ದೂರವಿಲ್ಲ. ಇಳಕಲ್ಲಿನ ನೇಕಾರರಿಗೆ ರಾಟಿ ಮಗ್ಗಗಳ ದುಂಡು ಭಾಗಗಳು ಬೇಕು. ಬಾದಾಮಿಯ ಹತ್ತಿರ ಬನದ ಹುಣ್ಣಿಮೆಗೆ ಕೂಡುವ ಬನಶಂಕರಿ ಜಾತ್ರೆಯು ಬಾಗಿಲು ಚೌಕಟ್ಟುಗಳ ವ್ಯಾಪಾರಕ್ಕೆ ಹೆಸರಾದದ್ದು. ಬಾಗಲಕೋಟೆಯ ನವನಗರದ ಮನೆಗಳಿಗೆ ಪೀಠೋಪಕರಣಗಳು ಬೇಕು. ಹುನಗುಂದದ ಎರೆಯ ಸೀಮೆಯಲ್ಲಿ ಸಲಿಕೆ ಗುದ್ದಲಿಗಳ ಕಾವಿನ ಬೇಡಿಕೆಯು ಎಂದಿಗೂ ನಿಲ್ಲತಕ್ಕದ್ದಲ್ಲ.

ಮೊದಲು ಕೆಲಸದ ಅಳತೆ

ಯಂತ್ರವನ್ನು ನೋಡುವ ಮುಂಚೆ ಮಾಡತಕ್ಕ ಕೆಲಸವನ್ನು ಅಳೆಯಬೇಕು. ಲೇಥಿನ ಗಾತ್ರವನ್ನು ಎರಡು ಅಂಕೆಗಳಿಂದ ಹೇಳುವರು. ಒಂದು, ಯಂತ್ರದ ಹಾಸಿನ ಮೇಲೆ ತಿರುಗಬಲ್ಲ ಅತಿ ದೊಡ್ಡ ದುಂಡಿನ ಅಡ್ಡಳತೆ. ಇನ್ನೊಂದು, ಎರಡು ಮೊನೆಗಳ ನಡುವೆ ಹಿಡಿಯುವ ಮರದ ಉದ್ದ. ಅಡ್ಡಳತೆ 12 ಅಂಗುಲ, ಉದ್ದ 36 ಅಂಗುಲವಿರುವ ಯಂತ್ರವನ್ನು ಮಧ್ಯಮ ಗಾತ್ರದ್ದೆನ್ನಬಹುದು. ಎರಡೂವರೆ ಅಡಿಯ ಮಂಚದ ಕಾಲು ಇದರಲ್ಲಿ ಸುಖವಾಗಿ ಕೂಡ್ರುವದು. ಕೆಲವು ವ್ಯಾಪಾರಿಗಳು ಹಾಸಿನಿಂದ ಮೊನೆಯವರೆಗಿನ ಎತ್ತರವನ್ನಷ್ಟೇ ಹೇಳುವರು. ಅವರ 6 ಅಂಗುಲವೆಂದರೆ 12 ಅಂಗುಲದ ಅಡ್ಡಳತೆಯೆಂದೇ ತಿಳಿಯಬೇಕು. ಉಳಿಯ ಆಸರೆಯ ಬುಡವಿರುವಲ್ಲಿ ಈ ಅಳತೆಯು ಇನ್ನೂ ಕಡಿಮೆಯಾಗುವದರಿಂದ ಅಲ್ಲಿಯೂ ಪಟ್ಟಿ ಹಿಡಿದು ನೋಡತಕ್ಕದ್ದು.

ಭಾರವೇ ಬಲ

ಚನ್ನಪಟ್ಟಣದ ಬೊಂಬೆಗಳಿಗೆ ಬಳಸುವ ಆಲೆಮರವು ಮೃದುವಾದದ್ದು. ಅಲ್ಲಿ ಹಗುರಾದ ಯಂತ್ರವೂ ಸಾಗುವದು. ಈ ಸೀಮೆಯ ಬಡಿಗೇರನ ಕೈಯಲ್ಲಿರುವದು ಜಾಲಿ, ಹುಣಸೆ, ಬೇವು. ಒಣಗಿದ ಜಾಲಿಯ 10 ಅಂಗುಲ ಅಡ್ಡಳತೆಯ, 12 ಅಂಗುಲ ಉದ್ದದ ತುಂಡೊಂದು ಸುಮಾರು 12 ಕಿಲೋ ತೂಗುವದು. ಇಂಥ ತುಂಡು ಓರೆಯಾಗಿ ತಿರುಗಿದರೆ ತೆಳು ತಗಡಿನ ಯಂತ್ರವು ನಡುಗುವದು, ಉಳಿ ಜಿಗಿಯುವದು, ಕೆಲಸ ಕೆಡುವದು. ಹೀಗಿರುವದರಿಂದ ಹಣ ಕಡಿಮೆಯಿದ್ದಾಗ ಉದ್ದವನ್ನೂ ಥಳಕನ್ನೂ ಬಿಟ್ಟುಕೊಟ್ಟರೂ ಭಾರವನ್ನು ಬಿಟ್ಟುಕೊಡಬಾರದು. ಎರಕದ ಕಬ್ಬಿಣದ ಹಾಸು ಉತ್ತಮ. ದಪ್ಪ ಚಾನೆಲ್ ಕಬ್ಬಿಣವನ್ನು ನೆಟ್ಟಗೆ ಬೆಸೆದದ್ದು ಮಧ್ಯಮ. ಮಡಿಸಿದ ತಗಡು ಕನಿಷ್ಠ.

ಬಳಸಿದ ಯಂತ್ರವಾದರೂ ಹತ್ತಿರದ ಕಾರಖಾನೆಯಲ್ಲಿ ಬೆಸೆಯಿಸಿದ್ದಾದರೂ ಮೂರು ಪರೀಕ್ಷೆಗಳನ್ನು ಮಾಡತಕ್ಕದ್ದು. ಬಲಗಡೆಯ ಮೊನೆಯನ್ನು ಸರಿಸಿ ಎಡಗಡೆಯ ಮೊನೆಗೆ ತಾಗಿಸಿದರೆ ಎರಡೂ ನೇರವಾಗಿ ಕೂಡಬೇಕು. ತಿರುಗುವ ದಂಡವನ್ನು ಕೈಯಿಂದ ಅಲುಗಿಸಿದರೆ ಅದು ಮಿಸುಕಬಾರದು; ಮಿಸುಕಿದರೆ ಬೇರಿಂಗು ಸವೆದಿದೆಯೆಂದು ತಿಳಿಯಬೇಕು. ದಂಡದ ರಂಧ್ರವು 2ನೇ ನಂಬರಿನ ಮೋರ್ಸ್ ಟೇಪರಿನಂಥ ರೂಢಿಯ ಅಳತೆಯದಿರಬೇಕು. ಇಲ್ಲದಿದ್ದರೆ ಮುಂದೆ ಬಿಡಿಭಾಗಗಳು ದೊರೆಯಲಾರವು.

ಮೋಟರು ಮತ್ತು ವೇಗ

ಮಧ್ಯಮ ಯಂತ್ರಕ್ಕೆ 1 ಅಶ್ವಶಕ್ತಿಯ, ಅಂದರೆ 746 ವಾಟಿನ, ಸಿಂಗಲ್ ಫೇಜ್ ಮೋಟರು ಸಾಕು. ಹಳ್ಳಿಯಲ್ಲಿ ತ್ರೀ ಫೇಜ್ ವಿದ್ಯುತ್ತು ಎಲ್ಲ ಹೊತ್ತೂ ಇರುವದಿಲ್ಲ. ಪಂಪ್‌ಸೆಟ್ಟಿಗೆಂದು ಕೊಟ್ಟ ಉಚಿತ ವಿದ್ಯುತ್ತಿನಿಂದ ಲೇಥು ನಡೆಸುವದು ನಿಯಮಕ್ಕೆ ವಿರುದ್ಧವಾದದ್ದು. ಹೆಸ್ಕಾಂನಿಂದ ತಕ್ಕ ಸಂಪರ್ಕವನ್ನೇ ಪಡೆಯತಕ್ಕದ್ದು. ಭೂಸಂಪರ್ಕದ ತಂತಿಯನ್ನು ಮರೆಯಬಾರದು.

ವೇಗದ ಲೆಕ್ಕವು ಸುಲಭವಾಗಿದೆ. ಮರದ ಅಡ್ಡಳತೆಯ ಅಂಗುಲಗಳನ್ನು ನಿಮಿಷದ ಸುತ್ತುಗಳಿಂದ ಗುಣಿಸಿದರೆ 6,000ಕ್ಕೂ 9,000ಕ್ಕೂ ನಡುವೆ ಬರಬೇಕು. 3 ಅಂಗುಲದ ಮಂಚದ ಕಾಲಿಗೆ 2,000ದಿಂದ 3,000 ಸುತ್ತು. 12 ಅಂಗುಲದ ದುಂಡಿಗೆ 500ರಿಂದ 750. ಒರಟು ಮರವನ್ನು ಇದಕ್ಕೂ ನಿಧಾನವಾಗಿ ಆರಂಭಿಸತಕ್ಕದ್ದು. ಆದಕಾರಣ ಕೊಳ್ಳುವಾಗ ಅತಿ ಹೆಚ್ಚಿನ ವೇಗವನ್ನಲ್ಲ, ಅತಿ ಕಡಿಮೆಯ ವೇಗವನ್ನು ಕೇಳಬೇಕು. ಅದು 500ಕ್ಕಿಂತ ಮೇಲಿದ್ದರೆ ದೊಡ್ಡ ಕೆಲಸಕ್ಕೆ ಆ ಯಂತ್ರವು ತಕ್ಕದ್ದಲ್ಲ.

ಹಣದ ಹಂಚಿಕೆ

ಇದ್ದ ಹಣವನ್ನೆಲ್ಲ ಯಂತ್ರಕ್ಕೇ ಸುರಿದು, ಉಳಿಗೆ ದುಡ್ಡಿಲ್ಲದೆ ಕೂಡ್ರುವದು ಬಹು ಜನರ ತಪ್ಪು. ಹಣವನ್ನು ಐದು ಪಾಲು ಮಾಡಿ ಮೂರನ್ನು ಯಂತ್ರಕ್ಕೆ, ಒಂದನ್ನು ಉಳಿ ಮತ್ತು ಸಾಣೆಗೆ, ಒಂದನ್ನು ಬುನಾದಿ, ತಂತಿ, ಮುಖಗವಸು ಮತ್ತು ಮೊದಲಿನ ಮರಕ್ಕೆ ಇಡುವದು ಲೇಸು. ಕೆಲಸದ ಹೊತ್ತಿನಲ್ಲಿ ಧೋತರದ ಚುಂಗು, ಹೆಗಲ ಶಲ್ಯ, ಕೈಗವಸುಗಳು ಇರಕೂಡದು. ತಿರುಗುವ ಮರವು ಅವನ್ನು ಸೆಳೆದರೆ ಕೈಯನ್ನೂ ಸೆಳೆಯುವದು.

2023ನೇ ಸಪ್ಟೆಂಬರ 17ರಂದು ಆರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಿಗತನವೂ ಸೇರಿದೆ. ಉಪಕರಣಗಳಿಗೆ 15,000 ರೂಪಾಯಿಗಳ ವರೆಗೆ ನೆರವು, ತರಬೇತಿಯ ದಿನಕ್ಕೆ 500 ರೂಪಾಯಿ ಭತ್ಯ, ತರುವಾಯ ಶೇಕಡಾ 5ರ ಬಡ್ಡಿಯಲ್ಲಿ ಮೊದಲ ಕಂತಾಗಿ 1 ಲಕ್ಷದ ವರೆಗೆ ಸಾಲ, ಇವು ಅದರ ಅನುಕೂಲಗಳು. ಆ ಸಾಲವನ್ನು 18 ತಿಂಗಳಲ್ಲಿ ತೀರಿಸತಕ್ಕದ್ದು. ಪೂರ್ತಿ ಲಕ್ಷವನ್ನು ತೆಗೆದರೆ ತಿಂಗಳಿಗೆ ಬಡ್ಡಿ ಸಹಿತ ಸುಮಾರು 5,780 ರೂಪಾಯಿ ಕಟ್ಟಬೇಕಾಗುವದು. 60,000 ತೆಗೆದರೆ ಸುಮಾರು 3,470. ಎಷ್ಟು ದೊರೆಯುವದೆಂಬುದಕ್ಕಿಂತ ಎಷ್ಟು ತೀರಿಸಬಹುದೆಂಬುದನ್ನು ಮೊದಲು ಎಣಿಸಬೇಕು.

ಈ ಅರ್ಜಿಗಳ ಮೊದಲನೆಯ ಪರಿಶೀಲನೆಯು ಗ್ರಾಮ ಪಂಚಾಯತಿಯಲ್ಲಿಯೇ ನಡೆಯುವದರಿಂದ ಊರ ಹಿರಿಯರ ಹೊಣೆಯು ಸಣ್ಣದಲ್ಲ. ಅವರು ಬಡಿಗೇರನನ್ನು ಕೂಡ್ರಿಸಿಕೊಂಡು, ವರ್ಷದಲ್ಲಿ ಎಷ್ಟು ಕಾಲು, ಎಷ್ಟು ಕಾವು, ಎಷ್ಟು ತೊಟ್ಟಿಲು ಮಾರಾಟವಾದಾವೆಂದು ಲೆಕ್ಕ ಹಾಕಿ, ಆಮೇಲೆಯೇ ಅರ್ಜಿಯನ್ನು ಮುಂದಕ್ಕೆ ಕಳಿಸುವದು ಒಳಿತು. ಸಾಲದ ಕಂತನ್ನು ಯಂತ್ರವೇ ತೀರಿಸಬೇಕೇ ಹೊರತು ಬಡಿಗೇರನ ತುಂಡು ಹೊಲವು ತೀರಿಸುವಂತಾಗಬಾರದು. ಹಾಗೆ ನೋಡಿಕೊಂಡಲ್ಲಿ ಬರುವ ಮೃಗಶಿರೆಗೂ ಬಡಿಗೇರನು ಊರಲ್ಲಿಯೇ ಇರುವನು, ಕೂರಿಗೆಯೂ ಹೊತ್ತಿಗೆ ಸರಿಯಾಗಿ ಹೊಲಕ್ಕೆ ಹೋಗುವದು.