ಗೆರೆಯೊಳಗೆ ದೇಹ, ಗೆರೆಯಾಚೆ ಮನಸ್ಸು

ಬಸದಿಯಲ್ಲಿ ಜಪಕ್ಕೆ ಕುಳಿತವರ ಜೇಬಿನಲ್ಲಿ ಮೊಬೈಲ್ ಒಮ್ಮೆ ಕಂಪಿಸುತ್ತದೆ. ಕೈ ಅದನ್ನು ತೆಗೆಯದಿರಬಹುದು. ಮನಸ್ಸು ಮಾತ್ರ ಆಗಲೇ ಎದ್ದು ಹೋಗಿರುತ್ತದೆ. ಯಾರು ಕಳುಹಿಸಿದರು, ಏನು ಬರೆದರು ಎಂಬ ಕುತೂಹಲ ಪಂಚನಮಸ್ಕಾರದ ನಡುವೆ ನುಸುಳುತ್ತದೆ. ಉಪಕರಣ ಹೊಸದು; ದೇಹ ಒಂದೆಡೆ, ಚಿತ್ತ ಮತ್ತೊಂದೆಡೆ ಇರುವ ಈ ಸ್ಥಿತಿಯನ್ನು ಜೈನಾಚಾರ್ಯರು ಬಹು ಹಿಂದೆಯೇ ವಿವೇಚಿಸಿದ್ದಾರೆ.

ಶ್ರಾವಕನ ಹನ್ನೆರಡು ವ್ರತಗಳಲ್ಲಿ ದೇಶಾವಕಾಶಿಕವೂ ಒಂದು. ದಿಗ್ವ್ರತದಿಂದ ಜೀವನಪರ್ಯಂತ ದಿಕ್ಕುಗಳಿಗೆ ಎಲ್ಲೆ ಹಾಕಿಕೊಂಡ ಗೃಹಸ್ಥನು ಆ ಎಲ್ಲೆಯನ್ನು ನಿಯತ ಕಾಲಕ್ಕಾಗಿ ಇನ್ನಷ್ಟು ಕಿರಿದುಗೊಳಿಸುತ್ತಾನೆ. ಇಷ್ಟು ಹೊತ್ತು ಈ ಮನೆಯಿಂದಾಚೆ, ಇಷ್ಟು ದಿನ ಈ ಊರಿನಿಂದಾಚೆ ಹೋಗೆನೆಂದು ಸಂಕಲ್ಪಿಸುತ್ತಾನೆ. ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇದನ್ನು ನಾಲ್ಕು ಶಿಕ್ಷಾವ್ರತಗಳಲ್ಲಿ ಮೊದಲನೆಯದಾಗಿ ಎಣಿಸಿದ್ದಾರೆ.

ಈ ವ್ರತಕ್ಕೆ ಹೇಳಿರುವ ಐದು ಅತಿಚಾರಗಳು ಇಂದಿಗೂ ಚಿಂತನಾರ್ಹ. ಎಲ್ಲೆಯಾಚೆಗೆ ಬೇರೊಬ್ಬರನ್ನು ಕಳುಹಿಸುವುದು, ದನಿ ಮಾಡಿ ಆಚೆಯವರನ್ನು ಎಚ್ಚರಿಸುವುದು, ಆಚೆಯಿಂದ ವಸ್ತುವನ್ನು ತರಿಸಿಕೊಳ್ಳುವುದು, ತನ್ನ ರೂಪ ತೋರಿಸಿ ಸೂಚನೆ ಕೊಡುವುದು, ಕಲ್ಲು ಮುಂತಾದುವನ್ನು ಎಸೆದು ಗಮನ ಸೆಳೆಯುವುದು. ಈ ಐದರಲ್ಲಿಯೂ ವ್ರತಿಯ ಕಾಲು ಗೆರೆ ದಾಟಿಲ್ಲ. ಆದರೂ ವ್ರತಕ್ಕೆ ಮಲ ತಗುಲಿತು. ಸಂದೇಶ ಕಳುಹಿಸುವುದು, ಕರೆ ಮಾಡುವುದು, ಮನೆಬಾಗಿಲಿಗೆ ಸರಕು ತರಿಸುವುದು, ಸ್ಟೇಟಸ್‌ನಲ್ಲಿ ಮುಖ ತೋರಿಸುವುದು, ಯಾರದೋ ಚಿತ್ರಕ್ಕೆ ಒಂದು ಲೈಕ್ ಎಸೆಯುವುದು: ಇಂದು ಈ ಐದೂ ಅಂಗೈಯಲ್ಲಿಯೇ ನಡೆಯುತ್ತವೆ.

ಇದರಿಂದಾಗುವ ನಷ್ಟ ಸಮಯವೊಂದೇ ಅಲ್ಲ. ಜೀವದ ಲಕ್ಷಣ ಉಪಯೋಗ, ಅಂದರೆ ಅರಿಯುವ ಮತ್ತು ಕಾಣುವ ಚೈತನ್ಯವ್ಯಾಪಾರ, ಎನ್ನುತ್ತದೆ ತತ್ತ್ವಾರ್ಥಸೂತ್ರ. ಗಮನವನ್ನು ಕಂಡಕಂಡಲ್ಲಿಗೆ ಹರಿಯಬಿಟ್ಟವನು ತನ್ನ ಆತ್ಮಸ್ವಭಾವವನ್ನೇ ಪರಾಧೀನಗೊಳಿಸುತ್ತಾನೆ. ಒಂದು ವಿಡಿಯೊದಿಂದ ರಾಗ, ಮತ್ತೊಂದರಿಂದ ದ್ವೇಷ. ಅಪರಿಚಿತರ ಜಗಳ ನೋಡಿ ನಮ್ಮಲ್ಲಿ ಕ್ರೋಧ, ಪರಿಚಿತರ ಸಿರಿ ನೋಡಿ ಮತ್ಸರ. ಕರ್ಮಬಂಧಕ್ಕೆ ಕಷಾಯವೇ ಕಾರಣವಾದ್ದರಿಂದ ಇದು ಬರಿಯ ಕಾಲಹರಣವೆನಿಸದು.

ಹಾಗೆಂದು ಗೃಹಸ್ಥನು ಮೊಬೈಲನ್ನು ತ್ಯಜಿಸಬೇಕಿಲ್ಲ. ಅನರ್ಥದಂಡವ್ರತವು ಕೇಳುವ ಪ್ರಶ್ನೆ ಒಂದೇ: ಇದಕ್ಕೆ ಪ್ರಯೋಜನವಿದೆಯೇ? ದೂರದ ಮಗಳ ಕರೆಗೆ, ವೈದ್ಯರ ಸೂಚನೆಗೆ ಪ್ರಯೋಜನವಿದೆ. ಒಂದು ಮುಗಿಯುತ್ತಲೇ ತಾನಾಗಿ ತೊಡಗುವ ಮುಂದಿನ ವಿಡಿಯೊಕ್ಕೆ ಇಲ್ಲ. ಚಿತ್ತವನ್ನು ಕಲುಷಿತಗೊಳಿಸುವುದನ್ನು ಕೇಳುವ ದುಃಶ್ರುತಿಯನ್ನು ಈ ವ್ರತ ನಿಷೇಧಿಸುತ್ತದೆ.

ಆಜೀವ ತ್ಯಾಗ ಯಮ. ಕಾಲಮಿತಿಯ ತ್ಯಾಗ ನಿಯಮ. ನಿಯಮದಿಂದಲೇ ತೊಡಗೋಣ. ಸಾಮಾಯಿಕಕ್ಕೆ ರೂಢಿಯಲ್ಲಿರುವ ಅವಧಿ ಎರಡು ಘಳಿಗೆ, ಅಂದರೆ 48 ನಿಮಿಷ. ದಿನಕ್ಕೊಮ್ಮೆ ಅಷ್ಟು ಹೊತ್ತು ಒಂದು ಕೋಣೆಯನ್ನೇ ಎಲ್ಲೆಯಾಗಿ ಮಾಡಿಕೊಂಡು, ಮನೆಯವರಿಗೆ ಮೊದಲೇ ತಿಳಿಸಿ, ಮೊಬೈಲನ್ನು ಆರಿಸಿ ಬೇರೆ ಕೋಣೆಯಲ್ಲಿಡಬೇಕು. ಮೊದಲ ದಿನಗಳಲ್ಲಿ ಕೈ ತಾನಾಗಿಯೇ ಅದನ್ನು ಅರಸೀತು. ಆ ಚಡಪಡಿಕೆಯನ್ನು ಸುಮ್ಮನೆ ನೋಡುತ್ತ ಕುಳಿತುಕೊಳ್ಳುವುದೂ ಸಾಧನೆಯೇ. ರಾತ್ರಿ ಪ್ರತಿಕ್ರಮಣದಲ್ಲಿ ಆ ದಿನ ಮನಸ್ಸು ಎಷ್ಟು ಸಲ ಗೆರೆ ದಾಟಿತೆಂದು ನೆನೆದು, ಮರುದಿನ ಮತ್ತೆ ಅದೇ ಗೆರೆಯೊಳಗೆ ಕುಳಿತುಕೊಳ್ಳಬೇಕು.