ಕ್ಯಾನ್ಸರ್ ಹೋಯ್ತು, ಬಸ್ ಹತ್ತೋ ಧೈರ್ಯವೂ ಹೋಯ್ತು

“ಕ್ಯಾನ್ಸರ್ ಹೋಯ್ತು ಕಣೋ. ಆದ್ರೆ ಬಸ್ ಹತ್ತೋಕೆ ಭಯ ಆಗುತ್ತೆ.”

ಇದನ್ನು ಹೇಳಿದ್ದು ಇಪ್ಪತ್ತು ವರ್ಷ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದ ನನ್ನ ಚಿಕ್ಕಪ್ಪ.

ಅವರಿಗೆ ಗುದನಾಳದ ಕ್ಯಾನ್ಸರ್ ಇತ್ತು. ಗಡ್ಡೆಯಿದ್ದ ಭಾಗವನ್ನು ಕತ್ತರಿಸಿ ತೆಗೆದು, ಮೇಲಿನ ಕರುಳನ್ನು ಕೆಳಗಿಳಿಸಿ, ಗುದದ್ವಾರದ ಹತ್ತಿರ ಸ್ಟೇಪ್ಲರ್‌ನಿಂದ ಜೋಡಿಸಿದರು. ಎಂಜಿನಿಯರಿಂಗ್ ಓದಿದ ನನ್ನ ತಲೆಗೆ ಇದು ಎರಡು ಪೈಪ್ ಕೂಡಿಸಿದ ಹಾಗೆ ಕಂಡಿತ್ತು. ನಾನು ಎಡವಿದ್ದು ಅಲ್ಲೇ. ಪೈಪನ್ನು ಅಂಟು ಹಿಡಿದಿಡುತ್ತದೆ. ಕರುಳಿನಲ್ಲಿ ಪಿನ್ನುಗಳು ಆರಂಭದ ಕೆಲವು ದಿನ ಆಸರೆ ಕೊಡುತ್ತವಷ್ಟೇ. ಆಮೇಲೆ ಎರಡೂ ತುದಿಗಳು ತಾವೇ ಬೆಸೆದುಕೊಳ್ಳಬೇಕು. ಅದಕ್ಕೆ ರಕ್ತ ಚೆನ್ನಾಗಿ ಹರಿಯಬೇಕು, ಜೋಡಣೆ ಮೇಲೆ ಎಳೆತ ಇರಬಾರದು.

ಬೆಸೆಯದಿದ್ದರೆ ಮಲ ಹೊಟ್ಟೆಯೊಳಗೆ ಸೋರುತ್ತದೆ. ಇಷ್ಟು ಕೆಳಗಿನ ಜೋಡಣೆಗಳಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಹೀಗಾಗುತ್ತದೆ. ಧೂಮಪಾನ, ಅಪೌಷ್ಟಿಕತೆ, ಮೊದಲೇ ಕೊಟ್ಟ ರೇಡಿಯೇಷನ್ ಅಪಾಯ ಹೆಚ್ಚಿಸುತ್ತವೆ. ಸಾಮಾನ್ಯವಾಗಿ ಮೊದಲ ಒಂದೆರಡು ವಾರದಲ್ಲೇ ಜ್ವರ, ಹೊಟ್ಟೆನೋವು, ಉಬ್ಬರ, ಏರುವ ನಾಡಿಬಡಿತ ಕಾಣುತ್ತವೆ. ‘ಗ್ಯಾಸ್ ಇರಬೇಕು ಬಿಡು’ ಅಂತ ಮನೆಯಲ್ಲಿ ಕಾಯೋದು ಜೀವಕ್ಕೇ ಅಪಾಯ. ಸೋರಿದರೂ ಹಾನಿ ಕಡಿಮೆಯಾಗಲಿ ಅಂತಲೇ ಅನೇಕರಿಗೆ ಹೊಟ್ಟೆ ಮೇಲೆ ಸ್ಟೋಮಾ ಮಾಡಿ, ಕೆಲವು ತಿಂಗಳು ಮಲವನ್ನು ಚೀಲಕ್ಕೆ ತಿರುಗಿಸುತ್ತಾರೆ.

ಚಿಕ್ಕಪ್ಪನಿಗೆ ಸೋರಿಕೆ ಆಗಲಿಲ್ಲ. ಸ್ಟೋಮಾ ಮುಚ್ಚಿದ ಮೇಲೆ ಬೇರೆಯದೇ ಶುರುವಾಯ್ತು. ಗುದನಾಳ ಅಂದರೆ ಮಲ ಹಿಡಿದಿಡುವ ಟ್ಯಾಂಕ್, ‘ಈಗ ಹೋಗಬೇಕು’ ಅಂತ ತಿಳಿಸುವ ಸೆನ್ಸರ್ ಕೂಡ. ಅದೇ ಹೋದ ಮೇಲೆ? ವೈದ್ಯರು ಇದಕ್ಕೆ ಲೋ ಆಂಟೀರಿಯರ್ ರಿಸೆಕ್ಷನ್ ಸಿಂಡ್ರೋಮ್, ಚಿಕ್ಕದಾಗಿ ಲಾರ್ಸ್, ಅನ್ನುತ್ತಾರೆ. ಇದನ್ನು ಅಳೆಯಲು ಡೆನ್ಮಾರ್ಕ್‌ನ ವೈದ್ಯರು 2012ರಲ್ಲಿ ಐದೇ ಪ್ರಶ್ನೆ ಕೊಟ್ಟರು: ಗ್ಯಾಸ್ ತಡೆಯೋಕೆ ಆಗುತ್ತಾ? ತೆಳು ಮಲ ಸೋರುತ್ತಾ? ದಿನಕ್ಕೆಷ್ಟು ಸಲ? ಒಂದು ಗಂಟೆಯೊಳಗೆ ಮತ್ತೆ ಹೋಗಬೇಕಾ? ಓಡಬೇಕಾದಷ್ಟು ಅವಸರವಾ? ಒಟ್ಟು 42 ಅಂಕದಲ್ಲಿ 30 ಅಥವಾ ಹೆಚ್ಚು ಬಂದರೆ ತೊಂದರೆ ತೀವ್ರ.

ಚಿಕ್ಕಪ್ಪನಿಗೆ ಈ ಪ್ರಶ್ನೆಗಳನ್ನು ಯಾರೂ ಕೇಳಲಿಲ್ಲ. ಸ್ಕ್ಯಾನ್ ನೋಡಿ ‘ಕ್ಲಿಯರ್’ ಅಂತ ಕಳಿಸಿದರು. ನಾಚಿಕೆಗೆ ಇವರೂ ಬಾಯಿ ಬಿಡಲಿಲ್ಲ. ಊಟದ ಬದಲಾವಣೆ, ಲೋಪೆರಮೈಡ್‌ನಂಥ ಮಾತ್ರೆ, ಸ್ನಾಯುಗಳ ವ್ಯಾಯಾಮದಿಂದ ಅನೇಕರಿಗೆ ಸುಧಾರಿಸುತ್ತದೆ. ಆದರೆ ಮೊದಲು ಯಾರಾದರೂ ಕೇಳಬೇಕಲ್ಲ?

ನಮ್ಮ ಆರೋಗ್ಯ ವಿಮೆಯ ಚರ್ಚೆಯೂ ‘ಆಪರೇಷನ್‌ಗೆ ಎಷ್ಟು ಲಕ್ಷ’ ಅನ್ನೋದರಲ್ಲೇ ಮುಗಿಯುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವರ್ಗಗಳಲ್ಲಿ ಇಂಥ ತೊಂದರೆಯ ಹೆಸರಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಬೀಗ ಹಾಕದ, ನೀರಿರುವ ಶೌಚಾಲಯ ಕೇಳೋದು ಸ್ವಚ್ಛತೆಯ ವಿಷಯ ಅಂದುಕೊಂಡಿದ್ದೆ. ಅದು ದುಡಿಯುವ ಹಕ್ಕಿನ ವಿಷಯ ಅಂತ ಕಲಿಸಿದ್ದು ಚಿಕ್ಕಪ್ಪ. ಮೊದಲು ಅವರಿಗೆ ದಾರಿಯ ಸ್ಟಾಪುಗಳೆಲ್ಲ ಬಾಯಿಪಾಠ. ಈಗ ಶೌಚಾಲಯಗಳು.