ಬಳಸಿದ ಕೈ ಉಪಕರಣಗಳನ್ನು ಗೃಹಬಳಕೆಯ ಅಲ್ಟ್ರಾಸಾನಿಕ್ ಕ್ಲೀನರ್‌ನಿಂದ ಶುಚಿಗೊಳಿಸುವುದು: ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಹಾಸನ ಜಿಲ್ಲೆಯ ಸಕಲೇಶಪುರ ಮತ್ತು ಆಲೂರು ಭಾಗದ ಮಲೆನಾಡಿನಲ್ಲಿ, ಬಾಳ್ಳುಪೇಟೆಯ ಸುತ್ತಮುತ್ತಲಿನ ಗ್ರಾಮಗಳಲ್ಲಿ, ಕಾಫಿ, ಕಾಳುಮೆಣಸು, ಏಲಕ್ಕಿ, ಶುಂಠಿ ಮತ್ತು ಭತ್ತದ ಬೇಸಾಯವು ಬಹುಪಾಲು ಕೈ ಉಪಕರಣಗಳನ್ನೇ ಅವಲಂಬಿಸಿದೆ. ಕೊಯ್ಲಿನ ನಂತರ ಕಾಫಿ ಗಿಡಗಳ ಕಸಿ, ಮುಂಗಾರಿಗೆ ಮೊದಲು ನೆರಳು ಮರಗಳ ಮರಗಸಿ, ಬೋರ್ಡೋ ದ್ರಾವಣದ ಸಿಂಪಡಣೆ, ಕಳೆ ತೆಗೆಯುವಿಕೆ ಹೀಗೆ ವರ್ಷವಿಡೀ ಕತ್ತಿ, ಸಿಕೇಚರ್ (ರೆಂಬೆ ಸವರುವ ಕತ್ತರಿ), ಗರಗಸ, ಸ್ಪ್ಯಾನರ್ ಮತ್ತು ಸಿಂಪಡಣಾ ಯಂತ್ರದ ನಾಜಲ್‌ಗಳು ಬಳಕೆಯಲ್ಲಿರುತ್ತವೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ಈ ಉಪಕರಣಗಳು ಬೇಗನೆ ತುಕ್ಕು ಹಿಡಿಯುತ್ತವೆ. ಗಾಳಿಯ ತೇವಾಂಶವು ಶೇ. 60ರ ಮಟ್ಟವನ್ನು ಮೀರಿದಾಗ ಕಬ್ಬಿಣದ ಮೇಲೆ ತುಕ್ಕು ಹರಡುವ ವೇಗ ಹೆಚ್ಚುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ತೇವಾಂಶವು ಇದಕ್ಕಿಂತ ಬಹಳ ಮೇಲಿರುತ್ತದೆ. ಆದರೆ ಕೆಟ್ಟುಹೋಗಿವೆಯೆಂದು ಗುಜರಿಗೆ ಹಾಕುವ ಉಪಕರಣಗಳಲ್ಲಿ ಅನೇಕವು ವಾಸ್ತವವಾಗಿ ಗಿಡದ ಅಂಟು, ಮಣ್ಣು ಮತ್ತು ಒಣಗಿದ ಗ್ರೀಸ್‌ನಿಂದ ಬಿಗಿದುಕೊಂಡಿರುತ್ತವೆ. ಇಂತಹ ಉಪಕರಣವು ಕೆಲಸದ ವೇಳೆ ಜಾರಿ ಕೈಗೆ ಗಾಯ ಮಾಡುವ ಸಂಭವವೂ ಇದೆ.

ಇತ್ತೀಚಿನ ವರ್ಷಗಳಲ್ಲಿ ಗೃಹಬಳಕೆಯ ಅಲ್ಟ್ರಾಸಾನಿಕ್ ಕ್ಲೀನರ್‌ಗಳು ಮಾರುಕಟ್ಟೆಯಲ್ಲಿ ದೊರೆಯುತ್ತಿವೆ. ಕನ್ನಡಕ ಮತ್ತು ಆಭರಣಗಳಿಗೆಂದು ಮಾರಾಟವಾಗುವ ಈ ಯಂತ್ರವನ್ನು ಕೈ ಉಪಕರಣಗಳಿಗೆ ಬಳಸುವ ಸರಿಯಾದ ಕ್ರಮ, ಅದರ ಮಿತಿ ಮತ್ತು ಅಪಾಯಗಳನ್ನು ತಿಳಿಸುವುದು ಈ ಪುಟದ ಉದ್ದೇಶವಾಗಿರುತ್ತದೆ.

2. ಯಂತ್ರವು ಕೆಲಸ ಮಾಡುವ ಬಗೆ

ಮನುಷ್ಯನ ಕಿವಿಗೆ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗಿನ ಧ್ವನಿ ಕೇಳಿಸುತ್ತದೆ. ಅದಕ್ಕಿಂತ ಮೇಲಿನದು ಶ್ರವಣಾತೀತ ಧ್ವನಿ. ಗೃಹಬಳಕೆಯ ಯಂತ್ರಗಳು ಸಾಮಾನ್ಯವಾಗಿ ಸೆಕೆಂಡಿಗೆ ಸುಮಾರು 40,000 ಕಂಪನಗಳಲ್ಲಿ, ಅಂದರೆ 40 ಕಿಲೋಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತವೆ. ಉಕ್ಕಿನ ತೊಟ್ಟಿಯ ತಳಕ್ಕೆ ಅಂಟಿಸಿರುವ ಪೀಜೋ ಬಿಲ್ಲೆಯು ವಿದ್ಯುತ್ತನ್ನು ಕಂಪನವಾಗಿ ಪರಿವರ್ತಿಸಿ ನೀರಿಗೆ ರವಾನಿಸುತ್ತದೆ.

ಈ ಕಂಪನದಿಂದ ನೀರಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆಗಳು ಹುಟ್ಟಿ, ತಕ್ಷಣವೇ ಒಳಮುಖವಾಗಿ ಕುಸಿಯುತ್ತವೆ. ಕುಸಿಯುವ ಗುಳ್ಳೆಯ ಸುತ್ತ ಉಂಟಾಗುವ ಅತಿಯಾದ ಒತ್ತಡವನ್ನು ಬ್ರಿಟಿಷ್ ವಿಜ್ಞಾನಿ ಲಾರ್ಡ್ ರ‍್ಯಾಲಿ 1917ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಹಡಗಿನ ಪ್ರೊಪೆಲರ್‌ಗಳು ನೀರಿನಲ್ಲಿ ಸವೆಯುವುದಕ್ಕೆ ಕಾರಣವೆಂದು ಗುರುತಿಸಲಾದ ಈ ಬಲವೇ ಇಲ್ಲಿ ಕೊಳೆಯನ್ನು ಕಿತ್ತು ತೆಗೆಯುತ್ತದೆ. ಬ್ರಷ್ ತಲುಪದ ತಿರುಪಿನ ಎಳೆ, ಅರದ ಹಲ್ಲು, ಸಿಕೇಚರ್‌ನ ಕೀಲು ಮತ್ತು ನಾಜಲ್‌ನ ರಂಧ್ರಗಳ ಒಳಗೂ ಗುಳ್ಳೆಗಳು ತಲುಪುವುದು ಇದರ ಮುಖ್ಯ ಅನುಕೂಲವಾಗಿದೆ.

ಆದರೆ ಈ ಯಂತ್ರವು ಕೊಳೆಯನ್ನು ಮಾತ್ರ ತೆಗೆಯುತ್ತದೆ. ಗಟ್ಟಿಯಾದ ತುಕ್ಕನ್ನು ಕರಗಿಸುವುದಿಲ್ಲ, ಅಲಗನ್ನು ಹರಿತಗೊಳಿಸುವುದಿಲ್ಲ, ರೋಗಾಣುಗಳನ್ನು ಪೂರ್ಣವಾಗಿ ನಾಶಪಡಿಸುವುದಿಲ್ಲ. ಅಲ್ಲದೆ ಉಪಕರಣದ ಮೇಲಿನ ಎಣ್ಣೆಯ ಲೇಪವನ್ನೂ ತೆಗೆದುಹಾಕುವುದರಿಂದ, ತೊಟ್ಟಿಯಿಂದ ಹೊರಬಂದ ಉಕ್ಕು ಮೊದಲಿಗಿಂತ ಬೇಗ ತುಕ್ಕು ಹಿಡಿಯುತ್ತದೆ. ಆದ್ದರಿಂದ ಒಣಗಿಸುವುದು ಮತ್ತು ಎಣ್ಣೆ ಹಚ್ಚುವುದು ಶುಚಿಗೊಳಿಸುವಷ್ಟೇ ಮುಖ್ಯವೆಂಬುದನ್ನು ಸಾರ್ವಜನಿಕರು ಗಮನಿಸತಕ್ಕದ್ದು.

3. ಯಾವ ಉಪಕರಣಗಳಿಗೆ ಸೂಕ್ತ

ಸೂಕ್ತವಾದವು:
- ಬಿಡಿಸಿದ ಸಿಕೇಚರ್‌ನ ಅಲಗು, ಬೋಲ್ಟ್ ಮತ್ತು ಸ್ಪ್ರಿಂಗ್
- ಸ್ಪ್ಯಾನರ್, ಸಾಕೆಟ್, ಇಕ್ಕಳ, ಡ್ರಿಲ್ ಬಿಟ್, ಸಣ್ಣ ಅರಗಳು
- ಮರ ಕೊಯ್ಯುವ ಯಂತ್ರದಿಂದ ಬೇರ್ಪಡಿಸಿದ ಚೈನ್
- ಸಿಂಪಡಣಾ ಯಂತ್ರದ ಹಿತ್ತಾಳೆ ನಾಜಲ್ ಮತ್ತು ಜಾಲರಿ

ಸೂಕ್ತವಲ್ಲದವು:
- ಮರದ ಹಿಡಿ ಅಥವಾ ಕಾವು ಇರುವ ಉಪಕರಣ (ಮರ ನೀರು ಹೀರಿ ಸೀಳುತ್ತದೆ)
- ಬ್ಯಾಟರಿ ಅಥವಾ ಮೋಟಾರ್ ಇರುವ ಯಾವುದೇ ಉಪಕರಣ
- ವಿದ್ಯುತ್ ಕೆಲಸದ, ರಕ್ಷಾ ಹೊದಿಕೆಯ ಇಕ್ಕಳ ಮತ್ತು ಸ್ಕ್ರೂ ಡ್ರೈವರ್ (ಹೊದಿಕೆಯೊಳಗೆ ನೀರು ಸೇರಿದರೆ ರಕ್ಷಣೆ ಉಳಿಯುವುದಿಲ್ಲ)
- ಟಾರ್ಕ್ ವ್ರೆಂಚ್, ಅಳತೆಯ ಉಪಕರಣಗಳು, ಮುಚ್ಚಿದ ಬೇರಿಂಗ್‌ಗಳು
- ಕ್ರೋಮ್ ಲೇಪ ಈಗಾಗಲೇ ಎದ್ದಿರುವ ಹಳೆಯ ಉಪಕರಣ (ಉಳಿದ ಲೇಪವೂ ಕಿತ್ತುಬರುತ್ತದೆ)

ಗುದ್ದಲಿ, ಪಿಕಾಸಿ, ಮಚ್ಚು ಮತ್ತು ಉದ್ದನೆಯ ಗರಗಸಗಳು ಗೃಹಬಳಕೆಯ ತೊಟ್ಟಿಯಲ್ಲಿ ಹಿಡಿಸುವುದಿಲ್ಲ. ಇವುಗಳಿಗೆ ಸಾಬೂನು ನೀರು ಮತ್ತು ಗಡುಸಾದ ಬ್ರಷ್ ಸಾಕಾಗುತ್ತದೆ.

4. ಶುಚಿಗೊಳಿಸುವ ಕ್ರಮ

(ಅ) ಉಪಕರಣವನ್ನು ಸಾಧ್ಯವಾದಷ್ಟು ಬಿಡಿಸತಕ್ಕದ್ದು. ಬಿಡಿಸುವಾಗ ಭಾಗಗಳನ್ನು ಕ್ರಮವಾಗಿ ಒಂದು ಬಟ್ಟೆಯ ಮೇಲಿಟ್ಟರೆ ಮರುಜೋಡಣೆ ಸುಲಭವಾಗುತ್ತದೆ.

(ಆ) ದಪ್ಪನೆಯ ಮಣ್ಣು ಮತ್ತು ಗ್ರೀಸ್ ಅನ್ನು ಮೊದಲು ಬ್ರಷ್ ಹಾಗೂ ಬಟ್ಟೆಯಿಂದ ತೆಗೆಯತಕ್ಕದ್ದು. ಇಲ್ಲವಾದಲ್ಲಿ ತೊಟ್ಟಿಯ ನೀರು ಬೇಗ ಕೊಳಕಾಗಿ ಯಂತ್ರದ ಪರಿಣಾಮ ಕುಗ್ಗುತ್ತದೆ.

(ಇ) ತೊಟ್ಟಿಗೆ ಸೂಚಿತ ಗುರುತಿನವರೆಗೆ ನೀರು ತುಂಬಿ, ಪ್ರತಿ ಲೀಟರ್‌ಗೆ 5ರಿಂದ 10 ಮಿ.ಲೀ. ಪಾತ್ರೆ ತೊಳೆಯುವ ದ್ರವ ಸೇರಿಸುವುದು. ನೀರಿಲ್ಲದೆ ಯಂತ್ರವನ್ನು ಎಂದಿಗೂ ಚಾಲನೆ ಮಾಡಬಾರದು. ಅಲ್ಯೂಮಿನಿಯಂ ಮತ್ತು ಸತುವಿನ ಲೇಪವಿರುವ ಭಾಗಗಳಿಗೆ ವಾಷಿಂಗ್ ಸೋಡಾದಂತಹ ಕ್ಷಾರ ಬಳಸಬಾರದು.

(ಈ) ಬಿಸಿ ಮಾಡುವ ಸೌಲಭ್ಯವಿದ್ದಲ್ಲಿ ನೀರನ್ನು ಸುಮಾರು 50 ಡಿಗ್ರಿ ಸೆಲ್ಸಿಯಸ್‌ಗೆ ಇಡುವುದು. ಉಪಕರಣ ಹಾಕುವ ಮೊದಲು ಯಂತ್ರವನ್ನು ಕೆಲವು ನಿಮಿಷ ಚಾಲನೆ ಮಾಡಿದರೆ ನೀರಿನಲ್ಲಿ ಕರಗಿರುವ ಗಾಳಿ ಹೊರಹೋಗಿ ಫಲಿತಾಂಶ ಉತ್ತಮಗೊಳ್ಳುತ್ತದೆ.

(ಉ) ಭಾಗಗಳನ್ನು ಜಾಲರಿ ಬುಟ್ಟಿಯಲ್ಲಿಟ್ಟು ಮುಳುಗಿಸುವುದು. ಲೋಹವು ತೊಟ್ಟಿಯ ತಳಕ್ಕೆ ನೇರವಾಗಿ ತಾಗಬಾರದು. ತಾಗಿದಲ್ಲಿ ತಳ ಸವೆದು ತೂತಾಗುವ ಸಂಭವವಿದೆ. ಒಂದರ ಮೇಲೊಂದು ಪೇರಿಸಬಾರದು.

(ಊ) ಒಮ್ಮೆಗೆ 5ರಿಂದ 10 ನಿಮಿಷ ಚಾಲನೆ ಮಾಡಿ, ತೆಗೆದು ನೋಡಿ, ಅವಶ್ಯವಿದ್ದಲ್ಲಿ ಪುನರಾವರ್ತಿಸುವುದು. ಚಾಲನೆಯಲ್ಲಿರುವಾಗ ಮುಚ್ಚಳ ಹಾಕಿರತಕ್ಕದ್ದು ಮತ್ತು ಕೈಬೆರಳುಗಳನ್ನು ನೀರಿನಲ್ಲಿ ಅದ್ದಬಾರದು.

(ಋ) ಶುದ್ಧ ನೀರಿನಲ್ಲಿ ತೊಳೆದು, ಒಣ ಬಟ್ಟೆಯಿಂದ ಒರೆಸಿ, ತಡಮಾಡದೆ ಬಿಸಿಲಿನಲ್ಲಿ ಒಣಗಿಸುವುದು. ಮಳೆಗಾಲದಲ್ಲಿ ಒಲೆಯ ಬಳಿಯ ಬೆಚ್ಚನೆಯ ಜಾಗದಲ್ಲಿ ಇಡಬಹುದು. ಕೆಂಡದ ಮೇಲೆ ಇಡಬಾರದು. ಹಾಗೆ ಮಾಡಿದಲ್ಲಿ ಅಲಗಿನ ಹದ ಹೋಗುತ್ತದೆ.

(ೠ) ಪೂರ್ಣ ಒಣಗಿ ತಣಿದ ನಂತರ, ಬೆಂಕಿಯಿಂದ ದೂರದಲ್ಲಿ, ಹೊಲಿಗೆ ಯಂತ್ರದ ಎಣ್ಣೆಯಂತಹ ತೆಳು ಎಣ್ಣೆಯನ್ನು ಹಚ್ಚಿ ಮರುಜೋಡಿಸುವುದು. ಅಡುಗೆ ಎಣ್ಣೆಯು ಕಾಲಕ್ರಮೇಣ ಅಂಟಾಗುವುದರಿಂದ ಸೂಕ್ತವಲ್ಲ.

ಯಂತ್ರವು ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ಪರೀಕ್ಷಿಸಲು, ತೆಳುವಾದ ಅಲ್ಯೂಮಿನಿಯಂ ಹಾಳೆಯೊಂದನ್ನು ತಳಕ್ಕೆ ತಾಗದಂತೆ ನೀರಿನಲ್ಲಿ ಲಂಬವಾಗಿ ಇಳಿಬಿಟ್ಟು ಸುಮಾರು ಒಂದು ನಿಮಿಷ ಚಾಲನೆ ಮಾಡಬಹುದು. ಹಾಳೆಯ ಮೇಲೆ ಎಲ್ಲೆಡೆ ಸಣ್ಣ ಗುಳಿಗಳು ಮೂಡಿದರೆ ಯಂತ್ರ ಸುಸ್ಥಿತಿಯಲ್ಲಿದೆ ಎಂದರ್ಥ.

5. ತುಕ್ಕು ಹಿಡಿದ ಉಪಕರಣಗಳು

ಸಡಿಲವಾದ ತುಕ್ಕಿನ ಪುಡಿ ಮಾತ್ರ ಯಂತ್ರದಲ್ಲಿ ಉದುರುತ್ತದೆ. ಗಟ್ಟಿ ತುಕ್ಕಿಗೆ ಒಂದು ಲೀಟರ್ ನೀರಿಗೆ ಸುಮಾರು 50 ಗ್ರಾಂ ಸಿಟ್ರಿಕ್ ಆಮ್ಲ (ನಿಂಬೆ ಉಪ್ಪು) ಬೆರೆಸಿದ ದ್ರಾವಣವನ್ನು ಬಳಸಬಹುದು. ಈ ದ್ರಾವಣವನ್ನು ತೊಟ್ಟಿಗೆ ನೇರವಾಗಿ ಸುರಿಯದೆ, ಗಾಜಿನ ಪಾತ್ರೆಯಲ್ಲಿ ಹಾಕಿ, ಆ ಪಾತ್ರೆಯನ್ನು ತೊಟ್ಟಿಯ ನೀರಿನಲ್ಲಿ ಬುಟ್ಟಿಯ ಮೇಲೆ ಇಡತಕ್ಕದ್ದು. ಕಂಪನವು ಗಾಜಿನ ಮೂಲಕ ಒಳಗೂ ತಲುಪುತ್ತದೆ. ಆಗಾಗ್ಗೆ ಪರೀಕ್ಷಿಸುತ್ತಾ, ತುಕ್ಕು ಬಿಟ್ಟ ಕೂಡಲೇ ಹೊರತೆಗೆದು, ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ಅದ್ದಿ ಉಳಿದ ಆಮ್ಲವನ್ನು ಶಮನಗೊಳಿಸುವುದು.

ಸ್ಪ್ರಿಂಗ್ ಮತ್ತು ಅತಿ ಗಡುಸಾದ ಉಕ್ಕಿನ ಭಾಗಗಳನ್ನು ಆಮ್ಲದಲ್ಲಿ ಇಡಬಾರದು. ಆಮ್ಲದಿಂದ ಬಿಡುಗಡೆಯಾಗುವ ಹೈಡ್ರೋಜನ್ ಉಕ್ಕಿನೊಳಗೆ ಸೇರಿ ಅದನ್ನು ಪೆಡಸುಗೊಳಿಸುತ್ತದೆ. ಹೊರನೋಟಕ್ಕೆ ಚೆನ್ನಾಗಿ ಕಂಡರೂ ಕೆಲಸದ ವೇಳೆ ಮುರಿಯಬಹುದು.

6. ಸಿಂಪಡಣಾ ನಾಜಲ್‌ಗಳು ಮತ್ತು ರೋಗ ಹರಡುವಿಕೆಯ ತಡೆ

ಶೇ. 1ರ ಬೋರ್ಡೋ ದ್ರಾವಣವನ್ನು 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ ಮತ್ತು 1 ಕೆ.ಜಿ. ಸುಣ್ಣ ಬಳಸಿ ತಯಾರಿಸಲಾಗುತ್ತದೆ. ಸಿಂಪಡಣೆಯ ನಂತರ ತೊಳೆಯದೆ ಬಿಟ್ಟಲ್ಲಿ ಸುಣ್ಣವು ನಾಜಲ್‌ನಲ್ಲಿ ಗಟ್ಟಿಯಾಗಿ ರಂಧ್ರ ಮುಚ್ಚುತ್ತದೆ. ಮೈಲುತುತ್ತವು ಕಬ್ಬಿಣದ ಭಾಗಗಳನ್ನು ತಿನ್ನುತ್ತದೆ. ಮುಚ್ಚಿದ ನಾಜಲ್ ಅನ್ನು ತಂತಿಯಿಂದ ಚುಚ್ಚಿದರೆ ರಂಧ್ರ ದೊಡ್ಡದಾಗಿ ಸಿಂಪಡಣೆಯ ಪ್ರಮಾಣ ತಪ್ಪುತ್ತದೆ. ಬಾಯಿಯಿಂದ ಊದುವುದು ಆರೋಗ್ಯಕ್ಕೆ ಅಪಾಯಕರ. ಇಂತಹ ಭಾಗಗಳಿಗೆ ಈ ಯಂತ್ರವು ವಿಶೇಷವಾಗಿ ಉಪಯುಕ್ತವಾಗಿದೆ.

ಕೀಟನಾಶಕ ತಗುಲಿದ ಭಾಗಗಳಿಗೆ ಒಮ್ಮೆ ಬಳಸಿದ ಯಂತ್ರವನ್ನು ಮತ್ತೆ ಆಭರಣ, ಕನ್ನಡಕ, ಕೃತಕ ದಂತ ಅಥವಾ ಅಡುಗೆ ಪಾತ್ರೆಗಳಿಗೆ ಬಳಸಬಾರದು. ಈ ಕೆಲಸವನ್ನು ಕೈಗವಸು ಧರಿಸಿ, ಅಡುಗೆಮನೆಯಿಂದ ಹೊರಗೆ, ಮಕ್ಕಳಿಂದ ದೂರವಿಟ್ಟು ಮಾಡತಕ್ಕದ್ದು.

ಕಾಳುಮೆಣಸಿನ ಶೀಘ್ರ ಸೊರಗು ರೋಗ, ಶುಂಠಿಯ ಕೊಳೆ ರೋಗ ಮುಂತಾದವುಗಳ ರೋಗಾಣುಗಳು ಮಣ್ಣಿನಲ್ಲಿರುತ್ತವೆ. ಉಪಕರಣಕ್ಕೆ ಮೆತ್ತಿದ ಮಣ್ಣಿನೊಂದಿಗೆ ಅವು ಒಂದು ತೋಟದಿಂದ ಇನ್ನೊಂದಕ್ಕೆ ಸಾಗುತ್ತವೆ. ಆದ್ದರಿಂದ ರೋಗಪೀಡಿತ ತಾಕಿನಲ್ಲಿ ಬಳಸಿದ ಉಪಕರಣಗಳನ್ನು ಮೊದಲು ತೊಳೆದು, ನಂತರ ಶೇ. 70ರ ಆಲ್ಕೋಹಾಲ್ (ಸ್ಪಿರಿಟ್) ಅದ್ದಿದ ಬಟ್ಟೆಯಿಂದ ಒರೆಸುವುದು. ಕೊಳೆಯಿರುವ ಉಪಕರಣದ ಮೇಲೆ ಸ್ಪಿರಿಟ್ ಪೂರ್ಣ ಪರಿಣಾಮ ಬೀರುವುದಿಲ್ಲವಾದ್ದರಿಂದ ಶುಚಿಗೊಳಿಸುವುದೇ ಮೊದಲ ಹಂತ.

7. ಎಚ್ಚರಿಕೆ

ಈ ಕೆಳಕಂಡ ಸೂಚನೆಗಳನ್ನು ಕಡ್ಡಾಯವಾಗಿ ಪಾಲಿಸಲು ಕೋರಲಾಗಿದೆ.

- ಗ್ರೀಸ್ ಬೇಗ ಬಿಡಲೆಂದು ಪೆಟ್ರೋಲ್, ಸೀಮೆಎಣ್ಣೆ, ಥಿನ್ನರ್ ಅಥವಾ ಸ್ಪಿರಿಟ್ ಅನ್ನು ತೊಟ್ಟಿಗೆ ಎಂದಿಗೂ ಹಾಕಬಾರದು. ಕಂಪನವು ದ್ರವವನ್ನು ಬಿಸಿ ಮಾಡಿ ಆವಿಯನ್ನು ಹೆಚ್ಚಿಸುತ್ತದೆ. ಗೃಹಬಳಕೆಯ ಯಂತ್ರದ ವಿದ್ಯುತ್ ಭಾಗಗಳು ಇಂತಹ ಆವಿಯಿಂದ ರಕ್ಷಿತವಾಗಿಲ್ಲದ ಕಾರಣ ಒಂದು ಕಿಡಿ ಸಾಕು, ಮನೆಗೇ ಬೆಂಕಿ ಹೊತ್ತಿಕೊಳ್ಳಬಹುದು.
- ಬ್ಲೀಚಿಂಗ್ ದ್ರಾವಣವನ್ನು ತೊಟ್ಟಿಗೆ ಹಾಕಬಾರದು. ಉಕ್ಕಿನ ತೊಟ್ಟಿ ಗುಳಿಬೀಳುತ್ತದೆ. ಬ್ಲೀಚಿಂಗ್ ಮತ್ತು ಆಮ್ಲ ಒಂದಕ್ಕೊಂದು ಸೇರಿದರೆ ವಿಷಕಾರಿ ಕ್ಲೋರಿನ್ ಅನಿಲ ಉತ್ಪತ್ತಿಯಾಗುತ್ತದೆ.
- ಯಂತ್ರವನ್ನು ಭೂಸಂಪರ್ಕ (ಅರ್ಥಿಂಗ್) ಇರುವ ಮೂರು ಪಿನ್‌ಗಳ ಸಾಕೆಟ್‌ಗೆ ಮಾತ್ರ ಜೋಡಿಸುವುದು. ನೀರು ತುಂಬುವಾಗ ಮತ್ತು ಚೆಲ್ಲುವಾಗ ಪ್ಲಗ್ ತೆಗೆದಿರತಕ್ಕದ್ದು. ಒದ್ದೆ ಕೈಯಿಂದ ಸ್ವಿಚ್ ಮುಟ್ಟಬಾರದು.
- ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆಮಾಡಿ ಮೂಲೆಯಲ್ಲಿ ಹಾಕಬಾರದು. ವಿಶೇಷವಾಗಿ ಮರದ ಹಿಡಿಗೆ ಹಚ್ಚುವ ಅಗಸೆ ಎಣ್ಣೆಯ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳುವ ಗುಣ ಹೊಂದಿದೆ. ಅದನ್ನು ಹೊರಗೆ ಬಿಡಿಸಿ ಹರಡಿ ಒಣಗಿಸುವುದು.

8. ಕೊಳಕು ನೀರಿನ ವಿಲೇವಾರಿ

ಸಕಲೇಶಪುರದ ಮೂಲಕ ಹರಿಯುವ ಹೇಮಾವತಿ ನದಿಯು ಗೊರೂರು ಜಲಾಶಯವನ್ನು ಸೇರಿ, ಮುಂದೆ ಕಾವೇರಿಯಲ್ಲಿ ಸಂಗಮವಾಗುತ್ತದೆ. ತೋಟದ ಹಳ್ಳಗಳಿಗೆ ಚೆಲ್ಲಿದ ಎಣ್ಣೆ ಮತ್ತು ತಾಮ್ರಾಂಶ ಅಲ್ಲಿಯೇ ನಿಲ್ಲುವುದಿಲ್ಲ. ತಾಮ್ರವು ಮೀನು ಮತ್ತಿತರ ಜಲಚರಗಳಿಗೆ ಅಲ್ಪ ಪ್ರಮಾಣದಲ್ಲಿಯೂ ಹಾನಿಕರ. ಆದ್ದರಿಂದ ಬಳಸಿದ ನೀರನ್ನು ಬಕೆಟ್‌ನಲ್ಲಿ ಒಂದು ದಿನ ಬಿಟ್ಟು, ಮೇಲೆ ತೇಲುವ ಎಣ್ಣೆಯನ್ನು ಬಟ್ಟೆಯಿಂದ ಹೀರಿಸಿ, ತಳದ ಕೆಸರನ್ನು ಬೇರ್ಪಡಿಸತಕ್ಕದ್ದು. ಬಟ್ಟೆ ಮತ್ತು ಕೆಸರನ್ನು ಸ್ಥಳೀಯ ಸಂಸ್ಥೆಯ ಕಸ ಸಂಗ್ರಹಣೆಗೆ ಪ್ರತ್ಯೇಕವಾಗಿ ನೀಡುವುದು. ಬಾವಿ, ಕೆರೆ ಮತ್ತು ಹಳ್ಳದ ಸಮೀಪ ಚೆಲ್ಲಬಾರದು.

9. ಸೇವೆಗಳಿಗೆ ಅರ್ಜಿ ಸಲ್ಲಿಸುವವರ ಗಮನಕ್ಕೆ

ರಾಜ್ಯದಲ್ಲಿ 2014-15ನೇ ಸಾಲಿನಲ್ಲಿ ಆರಂಭವಾದ ಕೃಷಿ ಯಂತ್ರಧಾರೆ ಯೋಜನೆಯಡಿ ರೈತರಿಗೆ ಕೃಷಿ ಯಂತ್ರೋಪಕರಣಗಳನ್ನು ಬಾಡಿಗೆಗೆ ಒದಗಿಸುವ ವ್ಯವಸ್ಥೆ ರೂಪಿಸಲಾಗಿದೆ. ಬಾಡಿಗೆಗೆ ಪಡೆದ ಉಪಕರಣವನ್ನು ಮಣ್ಣು ತೆಗೆದು ಹಿಂದಿರುಗಿಸುವುದರಿಂದ ಮುಂದಿನ ರೈತರ ಜಮೀನಿಗೆ ರೋಗ ಹರಡುವುದು ತಪ್ಪುತ್ತದೆ. ಈ ಕುರಿತ ವಿವರಗಳಿಗೆ ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನೂ, ಕಾಫಿ ಬೆಳೆಯ ತಾಂತ್ರಿಕ ಸಲಹೆಗೆ ಕಾಫಿ ಮಂಡಳಿಯ ವಿಸ್ತರಣಾ ಕಚೇರಿಯನ್ನೂ ಸಂಪರ್ಕಿಸಬಹುದು.

ಕೇಂದ್ರ ಸರ್ಕಾರವು ದಿನಾಂಕ 17-09-2023ರಂದು ಆರಂಭಿಸಿದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಕಮ್ಮಾರಿಕೆ, ಬಡಗಿ ವೃತ್ತಿ ಸೇರಿದಂತೆ 18 ವೃತ್ತಿಗಳ ಅರ್ಹ ಕುಶಲಕರ್ಮಿಗಳಿಗೆ ರೂ. 15,000ದವರೆಗಿನ ಉಪಕರಣ ಪ್ರೋತ್ಸಾಹಧನಕ್ಕೆ ಅವಕಾಶ ಕಲ್ಪಿಸಲಾಗಿದೆ. ಹೊಸ ಉಪಕರಣ ಬಂದಿತೆಂದು ಸುಸ್ಥಿತಿಗೆ ತರಬಹುದಾದ ಹಳೆಯದನ್ನು ಗುಜರಿಗೆ ಹಾಕುವ ಅವಶ್ಯಕತೆಯಿಲ್ಲ.

10. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಈ ಯಂತ್ರವನ್ನು ಕೊಳ್ಳುವುದು ಅವಶ್ಯವೇ?
ಉತ್ತರ: ಇಲ್ಲ. ಒಂದೆರಡು ಉಪಕರಣ ಇರುವವರಿಗೆ ಬಿಸಿ ಸಾಬೂನು ನೀರು, ಹಳೆಯ ಹಲ್ಲುಜ್ಜುವ ಬ್ರಷ್ ಮತ್ತು ತೆಳು ಎಣ್ಣೆ ಸಾಕು. ನಾಜಲ್, ಅರ, ಚೈನ್ ಮುಂತಾದ ಸೂಕ್ಷ್ಮ ಭಾಗಗಳು ಹೆಚ್ಚಾಗಿರುವವರಿಗೆ ಯಂತ್ರ ಅನುಕೂಲಕರ. ನೆರೆಹೊರೆಯವರು ಅಥವಾ ಸ್ವಸಹಾಯ ಗುಂಪಿನವರು ಸೇರಿ ಒಂದನ್ನು ಹೊಂದಬಹುದು.

ಪ್ರಶ್ನೆ: ಎಷ್ಟು ದಿನಗಳಿಗೊಮ್ಮೆ ಶುಚಿಗೊಳಿಸಬೇಕು?
ಉತ್ತರ: ಅಲಗನ್ನು ಪ್ರತಿದಿನ ಕೆಲಸ ಮುಗಿದ ನಂತರ ಒರೆಸಿ ಎಣ್ಣೆ ಹಚ್ಚುವುದು. ಪೂರ್ಣವಾಗಿ ಬಿಡಿಸಿ ಶುಚಿಗೊಳಿಸುವುದನ್ನು ಕಸಿ ಕೆಲಸ ಮುಗಿದಾಗ ಮತ್ತು ಮಳೆಗಾಲಕ್ಕೆ ಮೊದಲು ಮಾಡಿದರೆ ಸಾಕಾಗುತ್ತದೆ.

ಪ್ರಶ್ನೆ: ಶುಚಿಗೊಳಿಸಿದ ಮರುದಿನವೇ ತುಕ್ಕು ಕಾಣಿಸಿಕೊಂಡಲ್ಲಿ ಏನು ಮಾಡಬೇಕು?
ಉತ್ತರ: ಕೀಲು ಮತ್ತು ಎಳೆಗಳಲ್ಲಿ ನೀರು ಉಳಿದಿರುವುದು ಇದಕ್ಕೆ ಕಾರಣ. ಎಣ್ಣೆ ಅದ್ದಿದ ಒರಟು ಬಟ್ಟೆಯಿಂದ ಉಜ್ಜಿ, ಮತ್ತೊಮ್ಮೆ ಒಣಗಿಸಿ ಎಣ್ಣೆ ಹಚ್ಚುವುದು.

ಸೂಚನೆ: ಮೇಲ್ಕಂಡ ಮಾಹಿತಿಯು ಸಾರ್ವಜನಿಕರ ತಿಳುವಳಿಕೆಗಾಗಿ ನೀಡಿದ ಸಾಮಾನ್ಯ ಮಾರ್ಗದರ್ಶನವಾಗಿರುತ್ತದೆ. ಇದರ ಆಧಾರದ ಮೇಲೆ ಯಾವುದೇ ಸಹಾಯಧನಕ್ಕೆ ಹಕ್ಕು ಉಂಟಾಗುವುದಿಲ್ಲ. ಯಂತ್ರದೊಂದಿಗೆ ತಯಾರಕರು ನೀಡಿರುವ ಸೂಚನೆಗಳು ಭಿನ್ನವಾಗಿದ್ದಲ್ಲಿ ಅವುಗಳನ್ನೇ ಪಾಲಿಸತಕ್ಕದ್ದು; ಆದರೆ ಪೆಟ್ರೋಲ್ ಮತ್ತಿತರ ಉರಿಯುವ ದ್ರವಗಳ ಕುರಿತ ಎಚ್ಚರಿಕೆಯನ್ನು ಯಾವ ಸಂದರ್ಭದಲ್ಲಿಯೂ ಸಡಿಲಿಸಬಾರದು.